ಬರಹದ ನಿಯಮ ಯಾರ ಸೊತ್ತು?

(ರಾಮನಾಥಪುರದಲ್ಲಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ಕೂಲಿ, ಬೋನಸ್ಸು, ತೆರಿಗೆ, ಸಾಲ, ಇವುಗಳ ಮಾತನ್ನು ಕೇಳಲು ನೀವು ಬಂದಿರಬಹುದು. ಆದರೆ ಇವೆಲ್ಲಕ್ಕಿಂತ ಮೊದಲು ಬರುವ ಒಂದು ವಿಷಯವಿದೆ. ಕೂಲಿ ಬಾಕಿಯಿದ್ದರೆ ಕೇಳಬೇಕು. ಕೇಳಿದ್ದಕ್ಕೆ ದಾಖಲೆ ಇರಬೇಕಾದರೆ ಬರೆದು ಕೇಳಬೇಕು. ಅಲ್ಲಿಗೆ ಬಂದಾಗ ನಮ್ಮ ಕೈ ನಿಲ್ಲುತ್ತದೆ. ಗೇಟಿನಲ್ಲಿ ನಿಂತು ಮೇಸ್ತ್ರಿಯನ್ನು ಎದುರಿಸುವ ಗಂಡೆದೆಯವರು, ದಿನಕ್ಕೆ ನೂರು ಗಿರಾಕಿಗಳ ಬಳಿ ಚೌಕಾಸಿ ಮಾಡುವ ಅಂಗಡಿಯವರು, ಒಂದು ಹಾಳೆ ಮುಂದಿಟ್ಟರೆ ಹಿಂದಕ್ಕೆ ಸರಿಯುತ್ತಾರೆ. “ನೀವೇ ಬರೆದುಕೊಡಿ ಸ್ವಾಮಿ, ನಾವು ಬರೆದರೆ ತಪ್ಪಾಗುತ್ತೆ” ಎನ್ನುತ್ತಾರೆ. ಬರೆದುಕೊಡುವವರಿಗೆ ದುಡ್ಡು ತೆತ್ತು, ಅವರು ಏನು ಬರೆದರೆಂದು ತಿಳಿಯದೆಯೇ ರುಜು ಹಾಕಿ ಬರುತ್ತಾರೆ.

ಈ ಭಯ ಹುಟ್ಟಿನಿಂದ ಬಂದದ್ದಲ್ಲ. ಶಾಲೆಯಲ್ಲಿ ಕಲಿತದ್ದು. ನಾಲ್ಕನೆಯ ತರಗತಿಗೋ ಏಳನೆಯ ತರಗತಿಗೋ ಶಾಲೆ ಬಿಟ್ಟವರಲ್ಲಿ ಬಹುಮಂದಿ ಅಲ್ಲಿಂದ ಹೊತ್ತು ತಂದ ಪಾಠ ಒಂದೇ: ನನಗೆ ಸರಿಯಾದ ಕನ್ನಡ ಬಾರದು. ಆ ಪಾಠ ನಿಜವೇ? ಇವತ್ತು ಅದನ್ನು ಪರೀಕ್ಷೆ ಮಾಡೋಣ.

ಶಾಲೆಯಲ್ಲಿ ನಿಯಮವೆಂದು ಹೇಳಿಕೊಡುವ ವಸ್ತುವಿನಲ್ಲಿ ಮೂರು ಬೇರೆ ಬೇರೆ ಪದಾರ್ಥಗಳು ಬೆರೆತಿವೆ. ಅಕ್ಕಿ, ನುಚ್ಚು, ಕಲ್ಲು ಬೆರೆತಿದ್ದರೆ ನೀವು ಮೊರದಲ್ಲಿ ಕೇರಿ ಬೇರೆ ಮಾಡುತ್ತೀರಿ. ಇಲ್ಲಿಯೂ ಅದೇ ಕೆಲಸ ಆಗಬೇಕು.

ಮೊದಲನೆಯದು ಮಾತಿನ ನಿಯಮ. “ಅವ್ವ ಬಂದಳು, ಹಸು ಬಂತು, ನಾನು ಬಂದೆ” ಎಂದು ನಾಲ್ಕು ವರ್ಷದ ಕೂಸು ಹೇಳುತ್ತದೆ. “ನಾನು ಬಂದಳು” ಎಂದು ಯಾವ ಕೂಸೂ ಹೇಳುವುದಿಲ್ಲ. ಲಿಂಗ, ವಚನ, ಕಾಲ, ಎಲ್ಲವೂ ಆ ಮಾತಿನಲ್ಲಿ ಅಚ್ಚುಕಟ್ಟಾಗಿವೆ. ಯಾವ ಮೇಷ್ಟರೂ ಕಲಿಸಿದ್ದಲ್ಲ. ಎಂದ ಮೇಲೆ ವ್ಯಾಕರಣ ಬಾರದ ಕನ್ನಡಿಗನೇ ಇಲ್ಲ. ವ್ಯಾಕರಣಕ್ಕೆ ಪಂಡಿತರು ಇಟ್ಟ ಹೆಸರುಗಳು ಬಾರದವರು ಇದ್ದಾರೆ, ಅಷ್ಟೆ. ನೇಯುವವನಿಗೆ ಮಗ್ಗದ ಭಾಗಗಳ ಇಂಗ್ಲಿಷ್ ಹೆಸರು ತಿಳಿಯದಿದ್ದರೆ ಅವನು ನೇಕಾರನಲ್ಲವೆ? ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ವೇ, ಓದು ಕಲಿಯದಿದ್ದರೂ ಕಾವ್ಯದ ಹದ ಬಲ್ಲವರು ಈ ನಾಡಿನ ಜನ ಎಂದು ಹೊಗಳಿದೆ. ಸಾವಿರದ ನೂರು ವರ್ಷ ಕಳೆದ ಮೇಲೂ ಅದೇ ಜನರ ಮಕ್ಕಳಿಗೆ “ನಿನ್ನ ಮಾತೇ ಸರಿಯಿಲ್ಲ” ಎಂದು ಹೇಳುವುದು ಎಂಥ ನ್ಯಾಯ?

ಎರಡನೆಯದು ಕಾಗುಣಿತದ ನಿಯಮ. ಇದು ಒಪ್ಪಂದದಿಂದ ಬಂದದ್ದು. ರಸ್ತೆಯಲ್ಲಿ ಎಡಕ್ಕೆ ಹೋಗಬೇಕೆಂಬ ನಿಯಮದಂತೆ. ಎಲ್ಲರೂ ಒಂದೇ ಕಡೆ ಹೋದರೆ ಅನುಕೂಲ. ಆದರೆ ಎಡಕ್ಕೆ ಹೋಗುವವನು ಕುಲೀನ, ಬಲಕ್ಕೆ ಹೋದವನು ದಡ್ಡ ಎಂದು ಯಾರೂ ಹೇಳುವುದಿಲ್ಲ. ಕಾಗುಣಿತದಲ್ಲಿ ಮಾತ್ರ ಹಾಗೆ ಹೇಳುತ್ತಾರೆ.

ನಮ್ಮ ಕಡೆಯವರ ಮೇಲಿರುವ ದೊಡ್ಡ ಆರೋಪ ‘ಹ’ಕಾರದ್ದು. ನಾವು ಹಾಲಿಗೆ ಆಲು ಎನ್ನುತ್ತೇವೆ, ಹಸುವಿಗೆ ಅಸು ಎನ್ನುತ್ತೇವೆ. ಹಾಸನಕ್ಕೆ ಹೋಗಿಬಂದವನು “ಆಸನಕ್ಕೆ ಓಗಿದ್ದೆ” ಎಂದರೆ ಪಟ್ಟಣದವರು ನಗುತ್ತಾರೆ. ಆಸನವೆಂದರೆ ಕೂರುವ ಮಣೆಯಲ್ಲವೆ ಎಂದು ಹಾಸ್ಯ ಮಾಡುತ್ತಾರೆ.

ನಗುವವರಿಗೆ ಒಂದು ಪ್ರಶ್ನೆ. ಹಾಲು ಎಂಬ ಮಾತಿನ ಹಳೆಯ ರೂಪ ಯಾವುದು? ‘ಪಾಲ್’. ಹೂವು ‘ಪೂ’ ಆಗಿತ್ತು, ಹುಲಿ ‘ಪುಲಿ’ ಆಗಿತ್ತು, ಹಳ್ಳಿ ‘ಪಳ್ಳಿ’ ಆಗಿತ್ತು. ಪಂಪನ ಕಾಲದ ಕಾವ್ಯಗಳಲ್ಲಿ ಹಾಗೆಯೇ ಇದೆ. ತಮಿಳರು ಇಂದಿಗೂ ಹಾಲಿಗೆ ಪಾಲ್ ಎನ್ನುತ್ತಾರೆ. ಹತ್ತನೆಯ ಶತಮಾನದಿಂದ ಈಚೆಗೆ ಕನ್ನಡಿಗರ ಬಾಯಲ್ಲಿ ಆ ‘ಪ’ ಮೆಲ್ಲಮೆಲ್ಲಗೆ ‘ಹ’ ಆಯಿತು. ಮೊಟ್ಟಮೊದಲು ‘ಹಾಲು’ ಎಂದವನನ್ನು ಅಂದಿನ ಪಂಡಿತರು ನೋಡಿ ನಕ್ಕಿರಬೇಕು. ಇಂದು ಅವನ ತಪ್ಪೇ ಪಠ್ಯಪುಸ್ತಕದ ಸರಿ. ‘ಪ’ ಸಡಿಲವಾಗಿ ‘ಹ’ ಆಯಿತು, ‘ಹ’ ಇನ್ನೂ ಸಡಿಲವಾಗಿ ನಮ್ಮ ಬಾಯಲ್ಲಿ ಜಾರಿಹೋಯಿತು. ಒಂದೇ ದಾರಿಯ ಎರಡು ಮೈಲಿಗಲ್ಲುಗಳು ಇವು. ಮೊದಲನೆಯದಕ್ಕೆ ಮಾಲೆ, ಎರಡನೆಯದಕ್ಕೆ ಬೆತ್ತ!

ಇದಕ್ಕೆ ಸಾಕ್ಷಿ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಗುರುತಿಸಿದ ಶಾಸನವಿದೆ. ಸುಮಾರು ಕ್ರಿ.ಶ. 450ರದೆಂದು ಹೇಳುವ ಆ ಶಾಸನ ಕನ್ನಡದ ಬಹು ಹಳೆಯ ಬರಹಗಳಲ್ಲಿ ಒಂದು. ಅದರಲ್ಲಿ ಊರಿನ ಹೆಸರು ‘ಪ’ಕಾರದಿಂದಲೇ ಆರಂಭವಾಗುತ್ತದೆ. ಇಂದಿನ ನಾಮಫಲಕದಲ್ಲಿ ‘ಹ’ ಇದೆ. ಊರವರ ಬಾಯಲ್ಲಿ ‘ಅಲ್ಮಿಡಿ’ ಎಂದೂ ಕೇಳಬಹುದು. ಕಲ್ಲಿನಲ್ಲಿ ಕೊರೆದ ಅಕ್ಷರವೇ ಉಳಿಯಲಿಲ್ಲ, ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಶಾಶ್ವತವೆ?

ಇನ್ನು ಮಹಾಪ್ರಾಣದ ಮಾತು. ಖ, ಘ, ಛ, ಝ, ಠ, ಢ, ಥ, ಧ, ಫ, ಭ. ಅಚ್ಚಗನ್ನಡದ ಮಾತುಗಳಲ್ಲಿ ಇವು ಇಲ್ಲವೆಂದೇ ಹೇಳಬಹುದು. ಮನೆ, ಮರ, ನೀರು, ನೆಲ, ಅಪ್ಪ, ಅವ್ವ, ಉಪ್ಪು, ದುಡಿ, ಉಣ್ಣು, ಇವುಗಳಲ್ಲಿ ಎಲ್ಲಿದೆ ಮಹಾಪ್ರಾಣ? ಸಂಸ್ಕೃತದಿಂದಲೂ ಇತರ ಭಾಷೆಗಳಿಂದಲೂ ಬಂದ ಪದಗಳ ಜೊತೆಗೆ ಈ ಅಕ್ಷರಗಳು ಬಂದವು. ಬಾಯಲ್ಲಿ ಇಲ್ಲದ ಶಬ್ದವನ್ನು ಕಿವಿ ಹಿಡಿಯುವುದಿಲ್ಲ. ಆದುದರಿಂದ ಪ್ರತಿಯೊಂದು ಪದವನ್ನೂ ಉರುಹೊಡೆಯಬೇಕು. ಉರುಹೊಡೆದವರೂ ಎಡವುತ್ತಾರೆ. ‘ವಿಧ್ಯಾರ್ಥಿ’, ‘ಪ್ರಸಿದ್ದ’, ‘ಶುದ್ದ’ ಎಂದು ಬರೆದ ಬೋರ್ಡುಗಳು ಊರೂರಲ್ಲಿ ಕಾಣುತ್ತವೆ. ಬರೆಸಿದವರು ಓದಿದವರೇ. ಅಂಗಡಿಯ ಪುಸ್ತಕದಲ್ಲಿ ಖರ್ಚು ಎಂಬುದನ್ನು ‘ಕರ್ಚು’ ಎಂದು ಬರೆದರೆ ರೂಪಾಯಿಯಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಖಾತೆ ‘ಕಾತೆ’ಯಾದರೆ ಸಾಲ ಮನ್ನಾ ಆಗುವುದೂ ಇಲ್ಲ!

ಹಿಂದಿನವರು ಇದಕ್ಕೆ ಹೆದರಲಿಲ್ಲ. ಘಂಟಾ ಎಂಬುದು ‘ಗಂಟೆ’ ಆಯಿತು, ಭೂತಿ ‘ಬೂದಿ’ ಆಯಿತು, ವೀಥಿ ‘ಬೀದಿ’ ಆಯಿತು, ಸಂಧ್ಯಾ ‘ಸಂಜೆ’ ಆಯಿತು, ಧ್ವನಿ ‘ದನಿ’ ಆಯಿತು. ಇವಕ್ಕೆ ‘ತದ್ಭವ’ ಎಂಬ ಗೌರವದ ಹೆಸರು ಕೊಟ್ಟು ಶಾಲೆಯಲ್ಲೇ ಪಟ್ಟಿ ಬಾಯಿಪಾಠ ಮಾಡಿಸುತ್ತಾರೆ. ಹಳಬರು ಮಾಡಿದರೆ ತದ್ಭವ, ನಮ್ಮ ಹುಡುಗ ಮಾಡಿದರೆ ತಪ್ಪು!

ಅಕ್ಷರಮಾಲೆಯೂ ದೇವರು ಬರೆದುಕೊಟ್ಟದ್ದಲ್ಲ. ಸುಮಾರು 1260ರಲ್ಲಿ, ಹೊಯ್ಸಳರ ಕಾಲದಲ್ಲಿ, ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜನೇ ಕನ್ನಡಕ್ಕೆ ಒಗ್ಗದ ಅಕ್ಷರಗಳನ್ನು ತೆಗೆದು 47ನ್ನು ‘ಶುದ್ಧಗೆ’ ಎಂದು ಉಳಿಸಿಕೊಂಡ. ಅವನು ಉಳಿಸಿಕೊಂಡ ೞ, ಱ ಎಂಬ ಎರಡು ಅಕ್ಷರಗಳನ್ನು ಕಾಲ ಅಳಿಸಿತು. ಹಲ್ಮಿಡಿಯ ಕಲ್ಲಿನಲ್ಲಿ ಆ ೞಕಾರವಿದೆ, ನಮ್ಮ ಮಕ್ಕಳ ಪುಸ್ತಕದಲ್ಲಿಲ್ಲ. ಕನ್ನಡಕ್ಕೇನೂ ಕೇಡಾಗಲಿಲ್ಲ. ಇಂದು ಶಾಲೆಯಲ್ಲಿ 49 ಅಕ್ಷರ ಎನ್ನುತ್ತಾರೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡ ಬರಹಕ್ಕೆ 31 ಸಾಕೆಂದು ವಾದಿಸಿದರು. 2005ರಲ್ಲಿ ‘ಕನ್ನಡ ಬರಹವನ್ನು ಸರಿಪಡಿಸೋಣ!’ ಎಂಬ ಪುಸ್ತಕವನ್ನೇ ಪ್ರಕಟಿಸಿದರು. ಮುಂದೆ ತಮ್ಮ ಪುಸ್ತಕಗಳನ್ನು ಮಹಾಪ್ರಾಣವಿಲ್ಲದೆ ಬರೆದು ತೋರಿಸಿದರು. ಒಪ್ಪಿದವರಿದ್ದಾರೆ, ಹಳೆಯ ಗ್ರಂಥಗಳ ನಂಟು ಕಡಿದುಹೋಗುತ್ತದೆಂದು ವಿರೋಧಿಸಿದವರೂ ಇದ್ದಾರೆ. ಆ ಜಗಳ ಇಂದೇ ತೀರಬೇಕಾಗಿಲ್ಲ. ಬರಹವನ್ನು ಜನ ಬದಲಾಯಿಸಬಹುದು ಎಂಬುದಷ್ಟೇ ನಮಗೆ ಬೇಕಾದ ಮಾತು. ನೆರೆಹೊರೆಯವರು ಬದಲಾಯಿಸಿದ್ದಾರೆ. ಕೇರಳದಲ್ಲಿ 1971ರಲ್ಲಿ, ತಮಿಳುನಾಡಿನಲ್ಲಿ 1978ರಲ್ಲಿ ಸರಕಾರವೇ ಲಿಪಿಯನ್ನು ಸರಳಮಾಡಿತು. ತೆಲುಗರಲ್ಲಿ ಗಿಡುಗು ರಾಮಮೂರ್ತಿಯವರು ಪಂಡಿತರ ಗ್ರಾಂಥಿಕ ಭಾಷೆಯನ್ನು ಎದುರಿಸಿ ಆಡುನುಡಿಗೆ ಬರಹದಲ್ಲಿ ಸ್ಥಾನ ಬೇಕೆಂದು ಹೋರಾಡಿದರು. ಅವರು ಹುಟ್ಟಿದ ಆಗಸ್ಟ್ 29ನ್ನು ಇಂದು ತೆಲುಗು ಭಾಷಾ ದಿನವೆಂದು ಆಚರಿಸುತ್ತಾರೆ.

ಮೂರನೆಯದು ಕಲ್ಲು. ಅಂದರೆ ಕನ್ನಡದ ನಿಯಮವೇ ಅಲ್ಲದ, ಆದರೂ ಕನ್ನಡದ್ದೆಂದು ಕಲಿಸುವ ನಿಯಮ. ಸಂಧಿಯ ಪಾಠ ನೆನಪು ಮಾಡಿಕೊಳ್ಳಿ. ಲೋಪ, ಆಗಮ, ಆದೇಶ, ಇವು ಮೂರು ಕನ್ನಡ ಸಂಧಿಗಳು. ಆಮೇಲೆ ಸವರ್ಣದೀರ್ಘ, ಗುಣ, ವೃದ್ಧಿ, ಯಣ್, ಜಶ್ತ್ವ, ಶ್ಚುತ್ವ, ಅನುನಾಸಿಕ, ಹೀಗೆ ಸಂಸ್ಕೃತದವು ಏಳು. ಮನೆಯವರು ಮೂರು, ನೆಂಟರು ಏಳು! ಮಹೇಶ ಎಂಬ ಪದವನ್ನು ಯಾವ ಕನ್ನಡಿಗನೂ ಮಹಾ, ಈಶ ಎಂದು ಎರಡು ತುಂಡು ತಂದು ಅಂಟಿಸಿಕೊಂಡವನಲ್ಲ. ಅದು ಹೊಲಿದ ಅಂಗಿಯಂತೆ ಸಿದ್ಧವಾಗಿಯೇ ಬಂದ ಪದ. ಸಂಸ್ಕೃತ ಓದುವವನಿಗೆ ಆ ಹೊಲಿಗೆ ತಿಳಿಯಬೇಕು, ಸರಿ. ಕನ್ನಡ ಓದುವ ಹುಡುಗನನ್ನು ಅದಕ್ಕಾಗಿ ಏಕೆ ನಪಾಸು ಮಾಡಬೇಕು?

ವಿಭಕ್ತಿಯ ಪಾಠವೂ ಹೀಗೆಯೇ. ಸಂಸ್ಕೃತದಲ್ಲಿ ತೃತೀಯೆ, ಪಂಚಮಿ ಬೇರೆ ಬೇರೆ. ಕನ್ನಡದ ಮಾತಿನಲ್ಲಿ ಎರಡಕ್ಕೂ ‘ಇಂದ’ ಒಂದೇ. “ಕೊಡಲಿಯಿಂದ ಕಡಿದ, ಮರದಿಂದ ಬಿದ್ದ.” ಆದರೆ ಪಟ್ಟಿಯಲ್ಲಿ ಪಂಚಮಿಯ ಮನೆ ಖಾಲಿ ಇರಬಾರದೆಂದು ‘ದೆಸೆಯಿಂದ’ ಎಂಬುದನ್ನು ತಂದು ಕೂಡಿಸಿದರು. “ಮರದ ದೆಸೆಯಿಂದ ತೆಂಗಿನಕಾಯಿ ಬಿತ್ತು” ಎಂದು ಸಂತೆಯಲ್ಲಿ ಹೇಳಿ ನೋಡಿ. ಯಾವ ಗ್ರಹಚಾರವಪ್ಪಾ ಆ ಮರಕ್ಕೆ ಎಂದು ಜನ ಕೇಳಿಯಾರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಶಂಕರ ಭಟ್ಟರು ಒಂದು ಪುಸ್ತಕಕ್ಕೆ ಹೆಸರಿಟ್ಟದ್ದು ಇದಕ್ಕೇ.

ಇದು ಇಂದಿನ ಕೂಗಲ್ಲ. 1112ರಲ್ಲಿ ‘ಧರ್ಮಾಮೃತ’ ಬರೆದ ನಯಸೇನ, ಕನ್ನಡದಲ್ಲಿ ಸಂಸ್ಕೃತವನ್ನು ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದ. ಅದೇ ಶತಮಾನದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಚೆಲ್ಲಿದ ಅಕ್ಕಿ ಆಯುವ ಮಾರಯ್ಯ, ಲಕ್ಕಮ್ಮ ಇವರು ದುಡಿಯುವವರ ಮಾತಿನಲ್ಲಿ ವಚನ ಹೇಳಿದರು. ಮುಂದಿನ ಶತಮಾನದಲ್ಲಿ ಆಂಡಯ್ಯ ಸಂಸ್ಕೃತದ ಪದಗಳನ್ನು ಇದ್ದಂತೆಯೇ ಬಳಸದೆ ಒಂದು ಕಾವ್ಯವನ್ನೇ ಬರೆದ. 1911ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಧಾರವಾಡದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ಕೊಟ್ಟರು. ನಮ್ಮ ಸೀಮೆಯ ‘ಹ’ ಇಲ್ಲದ, ಮಹಾಪ್ರಾಣವಿಲ್ಲದ ಮಾತಿನಲ್ಲೇ ಜಿ. ಪಿ. ರಾಜರತ್ನಂ ಅವರು ರತ್ನನ ಪದಗಳನ್ನು ಬರೆದರು. ನಂಜನಗೂಡು ಕಡೆಯ ಆಡುನುಡಿಯಲ್ಲಿ ದೇವನೂರ ಮಹಾದೇವರು ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪ್ರಶಸ್ತಿ ಪಡೆದ ಆ ಮಾತನ್ನೇ ಹುಡುಗನೊಬ್ಬ ಪರೀಕ್ಷೆಯಲ್ಲಿ ಬರೆದರೆ ಕೆಂಪು ಶಾಯಿ ಬೀಳುತ್ತದೆ. ಈ ಇಬ್ಬಂದಿತನವನ್ನು ನಾವು ಕೇಳಬಾರದೆ?

ಮಿತ್ರರೇ, ಇದು ಪಂಡಿತರ ಮನೆಯ ಜಗಳ, ನಮಗೇನು ಎಂದು ನೀವು ಹೇಳಬಹುದು. ನಮಗೆ ಏನೆಂಬುದನ್ನು ಈಗ ಹೇಳುತ್ತೇನೆ.

ಶಾಲೆಯಲ್ಲಿ ‘ಕರ್ಮಣಿ ಪ್ರಯೋಗ’ ಎಂಬ ಪಾಠವಿದೆ. “ರಾಮನು ರಾವಣನನ್ನು ಕೊಂದನು” ಎಂಬ ಸೊಗಸಾದ ಮಾತನ್ನು ತೆಗೆದುಕೊಂಡು, “ರಾಮನಿಂದ ರಾವಣನು ಕೊಲ್ಲಲ್ಪಟ್ಟನು” ಎಂದು ತಿರುಚುವುದನ್ನು ಕಲಿಸುತ್ತಾರೆ. ಕನ್ನಡದ ತಾಯಂದಿರು ಯಾರೂ ಮಗುವಿಗೆ ಹೀಗೆ ಕಥೆ ಹೇಳಿದವರಲ್ಲ. ಈ ಪಾಠ ಯಾರಿಗೆ ಉಪಯೋಗಕ್ಕೆ ಬಂತು ಬಲ್ಲಿರಾ? ನೋಟೀಸು ಬರೆಯುವವರಿಗೆ. “ಸದರಿಯವರನ್ನು ಕೆಲಸದಿಂದ ವಜಾ ಮಾಡಲಾಗಿದೆ.” ಮಾಡಿದವರು ಯಾರು? “ಅಂಗಡಿಯನ್ನು ತೆರವುಗೊಳಿಸಲು ಸೂಚಿಸಲಾಗಿದೆ.” ಸೂಚಿಸಿದವರು ಯಾರು? “ಸೂಕ್ತ ಕ್ರಮ ಕೈಗೊಳ್ಳಲಾಗುವುದು.” ಯಾರು, ಯಾವಾಗ, ಏನು ಕ್ರಮ? ಮಾತಿನ ಕನ್ನಡದಲ್ಲಿ ಯಾರು ಎಂದು ಹೇಳದೆ ಮಾತು ಮುಂದಕ್ಕೆ ಹೋಗುವುದೇ ಕಷ್ಟ. “ಮ್ಯಾನೇಜರು ನನ್ನನ್ನು ತೆಗೆದರು” ಎಂದೇ ಹೇಳಬೇಕು. ಬರಹದ ಕನ್ನಡದಲ್ಲಿ ಮಾಡಿದವನು ಮಾಯವಾಗುತ್ತಾನೆ, ಏಟು ತಿಂದವನು ಮಾತ್ರ ಉಳಿಯುತ್ತಾನೆ. ಹಾಗಾದರೆ ನಾವು ಯಾರ ಬಳಿ ಹೋಗಿ ನ್ಯಾಯ ಕೇಳಬೇಕು?

1946ರ ಸ್ಥಾಯಿ ಆದೇಶಗಳ ಕಾನೂನಿನಲ್ಲಿ ಒಂದು ಒಳ್ಳೆಯ ಮಾತಿತ್ತು. ಕಾರ್ಖಾನೆಯ ನಿಯಮಗಳನ್ನು ಇಂಗ್ಲಿಷಿನಲ್ಲಿಯೂ, ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಬಾಗಿಲ ಬಳಿ ಬೋರ್ಡಿನ ಮೇಲೆ ಹಾಕಬೇಕು ಎಂದು. 1963ರಲ್ಲಿ ನಮ್ಮ ರಾಜ್ಯದ ಆಡಳಿತ ಭಾಷೆ ಕನ್ನಡವೆಂದು ಕಾನೂನಾಯಿತು. ಆದರೆ ಲಿಪಿ ಕನ್ನಡವಾದ ಮಾತ್ರಕ್ಕೆ ಜನರಿಗೆ ತಿಳಿಯುವ ಭಾಷೆಯಾಯಿತೆ? “ಪೂರ್ವಾನುಮತಿಯಿಲ್ಲದ ಅನುಪಸ್ಥಿತಿಯು ದುರ್ನಡತೆಯೆಂದು ಪರಿಗಣಿಸಲ್ಪಡತಕ್ಕದ್ದು” ಎಂದು ಬರೆದರೆ ಅದು ಯಾರಿಗೆ ಕನ್ನಡ? “ಹೇಳದೆ ರಜಾ ಹಾಕಿದರೆ ಅದು ತಪ್ಪು” ಎಂದರೆ ಆ ನಿಯಮಕ್ಕೇನು ಬಲ ಕಡಿಮೆಯಾಗುತ್ತಿತ್ತೆ? ಇದೇ ರಾಮನಾಥಪುರದ ಹರಾಜು ಮಾರುಕಟ್ಟೆಗೆ ತಂಬಾಕು ತರುವ ರೈತನಿಗೂ ಇದೇ ಪ್ರಶ್ನೆ. ತನ್ನ ಕೈಗೆ ಬಂದ ಚೀಟಿಯನ್ನು ತಾನೇ ಓದಿ ತಿಳಿಯುವಂತಿರಬೇಕು, ಇನ್ನೊಬ್ಬರ ಕೈಕಾಲು ಹಿಡಿಯುವಂತಿರಬಾರದು.

ಅರ್ಜಿಯ ಕಥೆಯೂ ಅಷ್ಟೆ. ಹಿಂದೆ ಕಾಗದವೆಂದರೆ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಆರಂಭಿಸಬೇಕಿತ್ತು. ಈಗ “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ಕೋರಿಕೊಳ್ಳುವುದೇನೆಂದರೆ” ಎಂದು ಆರಂಭಿಸಬೇಕಂತೆ. ವಿಷಯಕ್ಕೆ ಬರುವ ಹೊತ್ತಿಗೆ ಅರ್ಧ ಹಾಳೆ ಮುಗಿದಿರುತ್ತದೆ. ಹೀಗೆ ಬರೆದು ನೋಡಿ: “ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಕೆಲಸಕ್ಕೆ ಹೋದೆ. ಗೇಟಿನಲ್ಲಿ ತಡೆದರು. ಕಾರಣ ಹೇಳಲಿಲ್ಲ. ಆ ದಿನದ ಕೂಲಿ ಕೊಟ್ಟಿಲ್ಲ. ಕೊಡಿಸಿ.” ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಏನು ಆಯಿತು, ಏನು ಬೇಕು, ಎಲ್ಲವೂ ಇದರಲ್ಲಿದೆ. ತಾರೀಖು, ಹೆಸರು, ರುಜು ಹಾಕಿದರೆ ಮುಗಿಯಿತು. ವಾದಕ್ಕೆ ನಿಲ್ಲುವುದು ಇಂಥ ಅರ್ಜಿ. ಇದರಲ್ಲಿ ‘ಹೋದೆ’ ಎಂಬುದು ‘ಓದೆ’ ಎಂದಾಗಿದ್ದರೆ ಅರ್ಜಿಯೇನೂ ಸುಳ್ಳಾಗುವುದಿಲ್ಲ.

ಎದುರು ಪಕ್ಷದ ಮಾತನ್ನೂ ಕೇಳಬೇಕು. “ಎಲ್ಲರೂ ತಮ್ಮ ತಮ್ಮ ಬಾಯಿಗೆ ಬಂದಂತೆ ಬರೆದರೆ ಬೀದರಿನವರ ಕಾಗದ ಅರಕಲಗೂಡಿನವರಿಗೆ ತಿಳಿಯುವುದೆ? ಅಕ್ಕಿಗೂ ಹಕ್ಕಿಗೂ ಭೇದ ಬೇಡವೆ?” ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ನಾಡಿಗೆಲ್ಲ ಒಂದು ಸಮಾನ ಬರಹ ಬೇಕು. ಅದು ಬಡವನಿಗೇ ಹೆಚ್ಚು ಬೇಕು. ನಾಳೆ ನಮ್ಮ ಮಕ್ಕಳು ಕೆಲಸದ ಪರೀಕ್ಷೆಗೆ ಕೂರಬೇಕು. “ನಿನ್ನ ಮಾತೇ ಸಾಕು, ಶಾಲೆಯ ಬರಹ ಬೇಡ” ಎಂದು ಅವರನ್ನು ಹುರಿದುಂಬಿಸಿ, ಪರೀಕ್ಷೆಯ ಬಾಗಿಲಲ್ಲಿ ಕೈಬಿಡುವುದು ದ್ರೋಹವಾದೀತು. ಆದುದರಿಂದ ‘ಹ’ವನ್ನು ಬರಹದಿಂದ ಕಿತ್ತೊಗೆಯಿರಿ ಎಂದು ನಾನು ಹೇಳುವುದಿಲ್ಲ. ಕಲಿಸಿ, ಚೆನ್ನಾಗಿ ಕಲಿಸಿ. ಆದರೆ ಒಪ್ಪಂದವೆಂದು ಕಲಿಸಿ, ಯೋಗ್ಯತೆಯ ಅಳತೆಗೋಲೆಂದು ಕಲಿಸಬೇಡಿ. “ನೀನು ಆಡುವುದು ತಪ್ಪು” ಎನ್ನುವುದಕ್ಕೂ, “ನೀನು ಹೀಗೆ ಆಡುತ್ತೀಯೆ, ಎಲ್ಲರಿಗೂ ತಿಳಿಯಲೆಂದು ಹೀಗೆ ಬರೆಯುತ್ತೇವೆ” ಎನ್ನುವುದಕ್ಕೂ ಭೂಮಿ ಆಕಾಶದ ಅಂತರವಿದೆ. ಮೊದಲನೆಯ ಮಾತು ಮಗುವನ್ನು ಶಾಲೆಯಿಂದ ಹೊರಕ್ಕೆ ನೂಕುತ್ತದೆ, ಎರಡನೆಯದು ಒಳಕ್ಕೆ ಕರೆಯುತ್ತದೆ.

ಹಾಗಾದರೆ ನಾವು ಕೇಳಬೇಕಾದದ್ದು ಏನು? ಒಂದು, ಮಕ್ಕಳ ಬರಹದಲ್ಲಿ ಮೊದಲು ವಿಷಯಕ್ಕೆ ಬೆಲೆ ಕೊಡಿ, ಆಮೇಲೆ ಕಾಗುಣಿತ ನೋಡಿ. ಎರಡು, ಕನ್ನಡದ ವ್ಯಾಕರಣದ ಪಾಠದಲ್ಲಿ ಕನ್ನಡದ ನಿಯಮಗಳನ್ನು ಇಡಿ. ಸಂಸ್ಕೃತದ್ದು ಸಂಸ್ಕೃತದ ತರಗತಿಯಲ್ಲಿರಲಿ. ಮೂರು, ಸರಕಾರವಾಗಲಿ, ಪಂಚಾಯಿತಿಯಾಗಲಿ, ಕಾರ್ಖಾನೆಯಾಗಲಿ, ಬ್ಯಾಂಕಾಗಲಿ, ನೋಟೀಸು ಕೊಟ್ಟರೆ ಮಾಡಿದವರು ಯಾರು, ಮಾಡಬೇಕಾದವರು ಯಾರು ಎಂದು ಬಿಡಿಸಿ ಬರೆಯಲಿ. ತಿಳಿಯದ ನೋಟೀಸು ಬಂದರೆ ಸುಮ್ಮನೆ ರುಜು ಹಾಕಬೇಡಿ. “ಇದನ್ನು ತಿಳಿಯುವ ಕನ್ನಡದಲ್ಲಿ ಹೇಳಿ” ಎಂದು ಕೇಳಿ. ಕೇಳುವುದು ಅವಮಾನವಲ್ಲ. ತಿಳಿಯದಂತೆ ಬರೆದವರೇ ನಾಚಬೇಕು.

ನಾಲ್ಕನೆಯ ಮಾತು ಸರಕಾರಕ್ಕಲ್ಲ, ನಿಮಗೇ. ಬರೆಯಿರಿ. ಮುಂದಿನ ಅರ್ಜಿಯನ್ನು ನೀವೇ ಬರೆಯಿರಿ. ನಡೆದದ್ದನ್ನು ನಡೆದ ಕ್ರಮದಲ್ಲಿ, ಹೆಂಡತಿಗೋ ಅಣ್ಣನಿಗೋ ಹೇಳುವಂತೆ, ಚಿಕ್ಕ ಚಿಕ್ಕ ಮಾತಿನಲ್ಲಿ ಬರೆಯಿರಿ. ಕಾಗುಣಿತದ ಸಂದೇಹ ಬಂದರೆ ಮನೆಯಲ್ಲಿ ಓದುವ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಅಕ್ಷರ ತಿದ್ದಲಿ, ಮಾತು ನಿಮ್ಮದೇ ಇರಲಿ. ನಯಸೇನನನ್ನಾಗಲಿ ಅಂಬಿಗರ ಚೌಡಯ್ಯನನ್ನಾಗಲಿ ಯಾವ ಪರೀಕ್ಷಕನೂ ಪಾಸು ಮಾಡಿದ್ದಲ್ಲ, ಜನ ಉಳಿಸಿಕೊಂಡರು. ಕನ್ನಡ ಇಷ್ಟು ಶತಮಾನ ಬದುಕಿದ್ದು ಹೊಲದಲ್ಲಿ, ಮಗ್ಗದ ಮುಂದೆ, ಸಂತೆಯಲ್ಲಿ, ದೋಣಿಯ ಮೇಲೆ ದುಡಿದವರ ಬಾಯಲ್ಲಿ. ಸೊತ್ತು ಅವರದು. ಸೊತ್ತಿನ ಯಜಮಾನನಾದವನು ತನ್ನ ಮನೆಯ ಬಾಗಿಲಲ್ಲಿ ಅಪ್ಪಣೆಗಾಗಿ ಕಾಯುತ್ತ ನಿಲ್ಲಬೇಕಾಗಿಲ್ಲ.